ಮೈಕ್ರಾನ್ ಸಾರ್

ಎಂಜಿನಿಯರಿಂಗ್ ಕಾಲೇಜಿನ ಕಾರಿಡಾರಿನಲ್ಲಿ ಹೆಸರಿನ ಮುಂದೆ ಡಾಕ್ಟರೇಟ್ ಇಲ್ಲದೆ, ಕೈಯಲ್ಲಿ ಫೈಲ್ ಇಲ್ಲದೆ, ಮೀಟಿಂಗಿಗೆ ತಡವಾಯಿತೆಂಬ ಆತಂಕವೂ ಇಲ್ಲದೆ ಒಬ್ಬರು ನಡೆದು ಬರುತ್ತಿದ್ದರೆ ಮೊದಲು ಅವರ ಜೇಬು ನೋಡಿ. ಪೆನ್ನಿನ ಪಕ್ಕ ಆರಿಂಚಿನ ಸ್ಟೀಲ್ ಸ್ಕೇಲ್ ಇಣುಕುತ್ತಿದೆಯೆ? ಹಾಗಾದರೆ ಅವರೇ ಮೈಕ್ರಾನ್ ಸಾರ್. ಹೆಸರು ಹುಡುಗರು ಇಟ್ಟದ್ದು. ಇನ್ನೊಂದು ಕಾಲೇಜಿನಲ್ಲಿ ಇದೇ ಆಸಾಮಿಗೆ ‘ವರ್ನಿಯರ್’ ಎಂದೋ ‘ಸೈರನ್’ ಎಂದೋ ನಾಮಕರಣವಾಗಿರಬಹುದು. ನಮ್ಮ ರಾಜ್ಯದಲ್ಲಿ ಸುಮಾರು 200 ಎಂಜಿನಿಯರಿಂಗ್ ಕಾಲೇಜುಗಳಿವೆ. ವರ್ಕ್‌ಶಾಪಿನಲ್ಲಿ ಒಂದೆರಡು ಲೇತಾದರೂ ನಿಜವಾಗಿ ತಿರುಗುತ್ತಿರುವ ಕಡೆ ಇಂಥವರೊಬ್ಬರು ಇದ್ದಾರೆಂದೇ ಲೆಕ್ಕ.

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯರ ತಲೆಗೂದಲು 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಸಾರ್ ತಲೆಯಲ್ಲಿ ಅಳೆದು ತೋರಿಸುವಷ್ಟು ದಾಸ್ತಾನು ಉಳಿದಿಲ್ಲವಾದ್ದರಿಂದ, ಮೊದಲ ದಿನವೇ ಮುಂದಿನ ಸಾಲಿನ ಹುಡುಗನದ್ದೊಂದು ಎಳೆ ಕಿತ್ತು ಮೈಕ್ರೊಮೀಟರಿನಲ್ಲಿ ಹಿಡಿದು, “ಎಪ್ಪತ್ತೆರಡು. ನಮ್ ಟೂಲ್ ರೂಮಲ್ಲಿ ಇಷ್ಟು ತಪ್ಪಿದ್ರೆ ಮೆಮೋ ಕೊಡ್ತಿದ್ರು” ಎನ್ನುತ್ತಾರೆ. ಆ ಬ್ಯಾಚಿನವರು ಮುಂದಿನ ವಾರದಿಂದ ಹಿಂದಿನ ಸಾಲಿನಲ್ಲೇ ನಿಲ್ಲುತ್ತಾರೆ.

ನದೀಮೂಲ, ಋಷಿಮೂಲ ಕೇಳಬಾರದು ಅಂತಾರೆ. ಮೈಕ್ರಾನ್ ಮೂಲವನ್ನು ಧಾರಾಳವಾಗಿ ಕೇಳಬಹುದು, ಕೇಳದಿದ್ದರೂ ಹೇಳುತ್ತಾರೆ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಹದಿನೈದು ವರ್ಷದೊಳಗೆ ಸಾಲಾಗಿ ಬಂದವಲ್ಲ, ಆ ಕಾರ್ಖಾನೆಗಳು ಯಂತ್ರ, ಟೆಲಿಫೋನು, ರೇಡಿಯೊ ಮಾತ್ರ ತಯಾರಿಸಲಿಲ್ಲ. ಅಪ್ರೆಂಟಿಸ್ ಆಗಿ ಸೇರಿದ ಹಳ್ಳಿಯ ಹುಡುಗರನ್ನು ಸೈರನ್ನಿಗೆ ಎದ್ದು ಸೈರನ್ನಿಗೆ ಉಣ್ಣುವ ಒಂದು ಹೊಸ ಪಂಗಡವನ್ನಾಗಿ ತಯಾರಿಸಿದವು. ಎಚ್‌ಎಂಟಿಗೆ ಲೇತ್ ಕಟ್ಟುವುದನ್ನು ಕಲಿಸಿದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ, ಆಮೇಲೆ 1961ರಲ್ಲಿ ವಾಚು ಮಾಡುವುದನ್ನು ಕಲಿಸಿದ್ದು ಜಪಾನಿನ ಸಿಟಿಜನ್. ವಾಚಿನ ದೇಶದವರಿಂದ ಲೇತ್ ಕಲಿತು ವಾಚಿಗೆ ಇನ್ನೊಬ್ಬರ ಹತ್ತಿರ ಹೋದ ಈ ವಿಚಿತ್ರವನ್ನು ಸಾರ್ ಮುಂದೆ ಎತ್ತಬೇಡಿ. ಟೀ ಆರಿಹೋಗುತ್ತದೆ.

ಅಂಥದ್ದೊಂದು ಕಾರ್ಖಾನೆಯಲ್ಲಿ ಸಾರ್ ಟೂಲ್ ರೂಮ್, ಕ್ವಾಲಿಟಿ, ಮೆಂಟೆನೆನ್ಸ್ ಎಂದು ಸುತ್ತಿ, ವಿಆರ್‌ಎಸ್ ತೆಗೆದುಕೊಂಡು, ಪೀಣ್ಯದ ಶೆಡ್ಡುಗಳಲ್ಲಿ ಒಂದಷ್ಟು ಕಾಲ ಯಾರ್ಯಾರದೋ ಡೈ ರಿಪೇರಿ ಮಾಡಿ, ಕೊನೆಗೆ ಮನೆಯಲ್ಲಿ ಕೂತರು. ಕೂತದ್ದೇ ಕಷ್ಟಕ್ಕೆ ಬಂತು. ಜಪಾನೀಯರ 5ಎಸ್ ಪದ್ಧತಿ ಅಡುಗೆಮನೆಗೆ ಕಾಲಿಟ್ಟಿತು. ಗ್ಯಾಸ್ ಸಿಲಿಂಡರಿನ ಸುತ್ತ ಹಳದಿ ಟೇಪು, ತೊಗರಿಬೇಳೆ ಡಬ್ಬಿಯ ಮೇಲೆ ಕೆಂಪು ಗೆರೆ. ಬೇಳೆ ಗೆರೆಗಿಂತ ಕೆಳಗಿಳಿದರೆ ಅಂಗಡಿಗೆ ಚೀಟಿ ಹೋಗಬೇಕು. ಒಂದು ದಿನ ಸಾಸಿವೆ ಡಬ್ಬಿ ತನ್ನ ಜಾಗದಲ್ಲಿಲ್ಲವೆಂದು ಪತ್ನಿಗೆ ‘ನಾನ್-ಕನ್ಫಾರ್ಮೆನ್ಸ್’ ರಿಪೋರ್ಟ್ ಬರೆದುಕೊಟ್ಟರಂತೆ. ಮರುದಿನ ಪೇಪರಿನಲ್ಲಿ ‘ಲ್ಯಾಬೊರೇಟರಿ ಎಂಜಿನಿಯರ್ ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಗೆರೆ ಎಳೆದು ಕಾಫಿ ಲೋಟದ ಕೆಳಗಿಟ್ಟವರು ಆಕೆಯೇ.

ಸಂದರ್ಶನದಲ್ಲಿ ಪಿಎಚ್‌ಡಿ ಆಗಿದೆಯಾ ಅಂದರು, ಇಲ್ಲ. ಪೇಪರ್ ಎಷ್ಟು? ದಿನಕ್ಕೆ ಎರಡು ಓದುತ್ತೇನೆ, ಒಂದು ಕನ್ನಡ ಒಂದು ಇಂಗ್ಲಿಷ್. ಸ್ಕೋಪಸ್? “ಸ್ಕೋಪಸ್ ನೋಡಿಲ್ಲ ಸಾರ್, ಬೋರೊಸ್ಕೋಪ್ ಚೆನ್ನಾಗಿ ಬರುತ್ತೆ.” ಎಂಜಿನಿನ ಹೊಟ್ಟೆಯೊಳಗೆ ತೂರಿಸಿ ನೋಡುವ ಆ ಸಲಕರಣೆ ಯಾವ ಜರ್ನಲ್ ಇರಬಹುದೆಂದು ಮೂವರು ಪ್ರೊಫೆಸರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗಡೆ ಯಾರೋ ಪಂಪು ಆನ್ ಮಾಡಿದ ಸದ್ದು ಕೇಳಿತು. ಅಭ್ಯರ್ಥಿ ಎದ್ದು ಕಿಟಕಿಯ ಬಳಿ ಹೋಗಿ, “ಬೇರಿಂಗ್ ಹೋಗಿದೆ, ಇವತ್ತೇ ನಿಲ್ಸಿ” ಎಂದರು. ಯಾರೂ ನಿಲ್ಲಿಸಲಿಲ್ಲ. ಪಂಪು ತಾನಾಗಿಯೇ ಸಂಜೆ ನಿಂತಿತು. ಆದೇಶ ಪತ್ರ ಆ ರಾತ್ರಿಯೇ ಟೈಪಾಯಿತು ಎಂಬುದು ನಮ್ಮ ಡಿಪಾರ್ಟ್‌ಮೆಂಟಿನ ಐತಿಹ್ಯ.

ಹುದ್ದೆಯ ವರ್ಗ ‘ನಾನ್-ಟೀಚಿಂಗ್’. ಪಾಠ ಮಾಡುವವರ ಪೈಕಿ ಇರುವ ನಾನು ಇಷ್ಟನ್ನಾದರೂ ಒಪ್ಪಬೇಕು: ನಾಲ್ಕು ವರ್ಷದಲ್ಲಿ ಹುಡುಗರು ಮರೆಯದಂತೆ ಕಲಿಯುವುದರಲ್ಲಿ ಅರ್ಧದಷ್ಟು ಈ ನಾನ್-ಟೀಚಿಂಗ್ ಖಾತೆಯಿಂದಲೇ ಬರುವುದು. ಸಂಬಳದ ಖಾತೆಯಲ್ಲಿ ಅದು ಕಾಣುವುದಿಲ್ಲ.

ಬಂದ ಹೊಸತರಲ್ಲಿ ಅವರು ಕಾಲೇಜನ್ನು ರಿಪೇರಿ ಮಾಡಲು ಹೊರಟಿದ್ದರು. ಬೆಳಿಗ್ಗೆ ಏಳೂಮುಕ್ಕಾಲಿಗೆ ಗೇಟಿನಲ್ಲಿ ಹಾಜರು. ಬೀಗದ ಕೈ ಇರುವ ಅಟೆಂಡರ್ ಬರುವುದು ಒಂಬತ್ತಕ್ಕೆ. ಲೇಟು ಏಕೆಂದು ಕೇಳಿದರೆ ಅವನು, “ನೀವು ಬೇಗ ಬಂದಿದೀರ ಸಾರ್” ಎಂದ. ಲ್ಯಾಬಿನ ಒಳಗೆ 5ಎಸ್ ಶುರುವಾಯಿತು. ಅದರ ಮೊದಲ ಪಾಠ, ಬೇಡದ್ದನ್ನು ಹೊರಗೆ ಹಾಕು. ಮುಳ್ಳಿಲ್ಲದ ಪ್ರೆಷರ್ ಗೇಜು, ಪರದೆ ಬೆಳಗದ ಆಸಿಲೋಸ್ಕೋಪು, ಯಾವುದರದ್ದೆಂದು ಗೊತ್ತಾಗದ ಗೇರುಗಳು, ಎಲ್ಲಕ್ಕೂ ಕೆಂಪು ಚೀಟಿ ಕಟ್ಟಿ ಹೊರಗೆ ಸಾಲಾಗಿ ಜೋಡಿಸಿದರು. ಮಧ್ಯಾಹ್ನ ಸ್ಟೋರ್ಸ್ ಗುಮಾಸ್ತರು ಡೆಡ್ ಸ್ಟಾಕ್ ರಿಜಿಸ್ಟರ್ ಎದೆಗವಚಿಕೊಂಡು ಓಡಿ ಬಂದರು.

“ಅಲ್ಲ ಸಾರ್, ಇದನ್ನೆಲ್ಲ ಹೊರಗೆ ಹಾಕೋ ಹಾಗಿಲ್ಲ!”

“ಸತ್ತಿದೆಯಲ್ಲಪ್ಪಾ, ನಿಮ್ ರಿಜಿಸ್ಟರಲ್ಲೇ ಡೆಡ್ ಅಂತ ಬರ್ದಿದೀರಲ್ಲ.”

“ಡೆಡ್ ಅಂದ್ರೆ ಸತ್ತಿದೆ ಅಂತಲ್ಲ ಸಾರ್. ಸತ್ತಿದೆ ಅಂತ ಕಂಡೆಮ್ನೇಷನ್ ಕಮಿಟಿ ಹೇಳ್ಬೇಕು.”

ಆ ಕಮಿಟಿ ಸೇರಬೇಕಾದರೆ ಅದರ ಐವರು ಸದಸ್ಯರೂ ಒಂದೇ ದಿನ ಊರಲ್ಲಿರಬೇಕು. ಗ್ರಹಣವಾದರೆ ಪಂಚಾಂಗದಲ್ಲಿ ಬರೆದಿರುತ್ತದೆ, ಇದು ಅದರಲ್ಲೂ ಇಲ್ಲ. ಸಾಯಂಕಾಲದ ಹೊತ್ತಿಗೆ ಸತ್ತ ಸಾಮಾನೆಲ್ಲ ಕೆಂಪು ಚೀಟಿ ಸಮೇತ ಒಳಗೆ ಬಂದು ಸ್ವಸ್ಥಾನದಲ್ಲಿ ಕೂತಿತು. ಚೀಟಿಗಳು ಈಗಲೂ ಇವೆ. ಜೂನಿಯರ್ ಹುಡುಗರು ಅದನ್ನು ಡಿಸ್ಕೌಂಟ್ ಟ್ಯಾಗ್ ಎಂದು ತಿಳಿದಿದ್ದಾರೆ.

ಆದರೆ ಅವರ ನಿಜವಾದ ಪದವಿಪ್ರದಾನವಾದದ್ದು ಬೆಲ್ಟಿನ ಪ್ರಕರಣದಲ್ಲಿ. ಮೂರನೇ ನಂಬರ್ ಲೇತಿನ ವಿ-ಬೆಲ್ಟು ಹರಿಯಿತು. ಬಿ-52, ಅಂದರೆ ಬಿ ಗಾತ್ರದ್ದು, 52 ಇಂಚಿನದ್ದು. ಎಸ್‌ಜೆಪಿ ರೋಡಿನಲ್ಲಿ ಅಂಗಡಿಯವನು ತಲೆ ಎತ್ತದೆ ಕೊಕ್ಕೆಯಿಂದ ತೆಗೆದುಕೊಡುವ ಮಾಲು. ಕಾರ್ಖಾನೆಯಲ್ಲಾದರೆ ಬ್ರೇಕ್‌ಡೌನ್ ಸ್ಲಿಪ್ಪು ಬರೆದ ಹತ್ತು ನಿಮಿಷಕ್ಕೆ ಟೂಲ್ ಕ್ರಿಬ್ಬಿನಿಂದ ಬೆಲ್ಟು ಬರಬೇಕು, ತಡವಾದರೆ ಗಂಟೆಗೆ ಇಷ್ಟು ರೂಪಾಯಿ ಹೋಯಿತೆಂದು ಮ್ಯಾನೇಜರು ಬಂದು ನಿಲ್ಲುತ್ತಾರೆ. ಸಾರ್ ಅದೇ ವೇಗದಲ್ಲಿ ಸ್ಲಿಪ್ಪು ಬರೆದರು. ಎಚ್‌ಓಡಿ ಅದನ್ನು ಇಂಡೆಂಟ್ ಫಾರಮ್ಮಿನಲ್ಲಿ ಬರೆಯಲು ಹೇಳಿದರು. ಪ್ರಿನ್ಸಿಪಾಲರು ಸಮರ್ಥನೆ ಲಗತ್ತಿಸಲು ಹೇಳಿದರು. ‘ಬೆಲ್ಟ್ ಇಲ್ಲದೆ ಲೇತ್ ತಿರುಗುವುದಿಲ್ಲ’ ಎಂಬ ಒಂದೇ ವಾಕ್ಯದ ಸಮರ್ಥನೆ ಸಾಲದು ಎಂದು ವಾಪಸು ಬಂತು. ಎರಡನೇ ಸಲ ಅದಕ್ಕೆ ಕೋರ್ಸ್ ಔಟ್‌ಕಮ್ಮು, ಪ್ರೋಗ್ರಾಮ್ ಔಟ್‌ಕಮ್ಮುಗಳ ಕೋಷ್ಟಕ ಸೇರಿಸಲಾಯಿತು. ಆಮೇಲೆ ಪರ್ಚೇಸ್ ಕಮಿಟಿ, ಮೂರು ಕೊಟೇಶನ್, ಕಂಪ್ಯಾರಟಿವ್ ಸ್ಟೇಟ್‌ಮೆಂಟ್.

ಸಾರ್‌ಗೆ ತಡೆಯಲಿಲ್ಲ. ಶನಿವಾರ ಬಸ್ ಹತ್ತಿ ಮಾರ್ಕೆಟ್ಟಿಗೆ ಹೋಗಿ ಸ್ವಂತ ದುಡ್ಡಿನಲ್ಲಿ ಬೆಲ್ಟು ತಂದು ಹಾಕಿದರು. ಸೋಮವಾರ ಲೇತು ತಿರುಗಿತು, ಹುಡುಗರು ನರ್ಲಿಂಗ್ ಮಾಡಿದರು, ಎಚ್‌ಓಡಿ ಬಂದು ನೋಡಿ ‘ವೆರಿ ಗುಡ್’ ಅಂದರು. ಕಾರ್ಖಾನೆಯ ಕಥೆಯಾದರೆ ಇಲ್ಲಿಗೆ ಮುಗಿಯುತ್ತಿತ್ತು. ವರ್ಷದ ಕೊನೆಗೆ ಸ್ಟಾಕ್ ವೆರಿಫಿಕೇಶನ್ನಿಗೆ ಬಂದವರು ಲೇತಿನ ಬಾಗಿಲು ತೆಗೆದು ನೋಡಿ ಆಕ್ಷೇಪಣೆ ಬರೆದರು: ಸ್ಟಾಕ್ ಬುಕ್ಕಿನಲ್ಲಿ ಇಲ್ಲದ ಬೆಲ್ಟು ಯಂತ್ರದಲ್ಲಿ ಇರುವುದು ಹೇಗೆ? ಕಾಣೆಯಾದ ಸಾಮಾನಿಗೆ ವಿವರಣೆ ಕೊಡುವುದು ಎಲ್ಲರಿಗೂ ಗೊತ್ತು. ಇರುವ ಸಾಮಾನಿಗೆ ವಿವರಣೆ ಕೊಡಬೇಕಾದ ಸಂದರ್ಭ ಸಾರ್ ವೃತ್ತಿಜೀವನದಲ್ಲಿ ಅದೇ ಮೊದಲು. ಬೆಲ್ಟನ್ನು ಕಾಲೇಜಿಗೆ ‘ದಾನ’ ಎಂದು ತೋರಿಸಿ ಕೇಸು ಮುಚ್ಚುವಷ್ಟರಲ್ಲಿ, ಆ ಹಳೆಯ ಇಂಡೆಂಟಿನ ಬೆಲ್ಟುಗಳು ಬಂದವು. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವನ ಸರಬರಾಜು. ಬಿ ಬದಲು ಎ ಗಾತ್ರದವು. ಬಿ ಬೆಲ್ಟಿನ ಅಗಲ 17 ಮಿಲಿಮೀಟರು, ಎ ಬೆಲ್ಟಿನದು 13. ಪುಲ್ಲಿಯ ತೋಡಿಗೆ ಹಾಕಿದರೆ ತಳಕ್ಕೆ ಕೂತು ಸುಮ್ಮನೆ ಜಾರುತ್ತದೆ. “ಸ್ಟಾಕ್ ಎಂಟ್ರಿ ಆಗಿದೆಯಲ್ಲ ಸಾರ್, ಇನ್ನೇನು” ಎಂದರು ಗುಮಾಸ್ತರು. ಅವರಿಗೆ ಅದು ಕುಹಕವಲ್ಲ, ಸಮಾಧಾನ.

ಇನ್ನು ಮೆಟ್ರಾಲಜಿ ಲ್ಯಾಬು. ಅದು ಸಾರ್‌ಗೆ ಗರ್ಭಗುಡಿ. ಮರದ ಪೆಟ್ಟಿಗೆಯಲ್ಲಿ 87 ತುಂಡುಗಳ ಸ್ಲಿಪ್ ಗೇಜಿನ ಸೆಟ್ಟು ಇದೆ. ಸ್ವೀಡನ್ನಿನ ಜೊಹಾನ್ಸನ್ ಎಂಬಾತ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಂಡುಹಿಡಿದ, ಕನ್ನಡಿಯಷ್ಟು ನುಣುಪಾದ ಉಕ್ಕಿನ ಬಿಲ್ಲೆಗಳು. 36.375 ಮಿಲಿಮೀಟರು ಬೇಕೆನ್ನಿ. ಸಾರ್ ಕೊನೆಯ ಅಂಕಿಯಿಂದ ಶುರುಮಾಡುತ್ತಾರೆ: 1.005, ಆಮೇಲೆ 1.37, ಆಮೇಲೆ 4, ಆಮೇಲೆ 30. ಶ್ಯಾಮಿ ಚರ್ಮದಲ್ಲಿ ಒರೆಸಿ, ಒಂದರ ಮೇಲೊಂದನ್ನು ಅಡ್ಡಲಾಗಿಟ್ಟು, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ತಿರುಗಿಸಿ ಜಾರಿಸುತ್ತಾರೆ. ಅಂಟಿಲ್ಲ, ಅಯಸ್ಕಾಂತವಿಲ್ಲ, ನಾಲ್ಕೂ ಕಚ್ಚಿಕೊಳ್ಳುತ್ತವೆ. ಗದ್ದಲ ಮಾಡುತ್ತಿದ್ದ ಬ್ಯಾಚು ಗಪ್‌ಚಿಪ್. ಸಾರ್ ಆ ಗಂಟನ್ನು ಒಂದೇ ತುದಿಯಲ್ಲಿ ಹಿಡಿದು ನೇತಾಡಿಸಿ, “ಏಳಿ, ಎಳೆದು ಬಿಡಿಸ್ರಪ್ಪಾ ನೋಡೋಣ” ಎನ್ನುತ್ತಾರೆ. ಜಿಮ್ಮಿಗೆ ಹೋಗುವ ಹುಡುಗನೊಬ್ಬ ಎಳೆದು ಸೋಲುತ್ತಾನೆ.

ಗರ್ಭಗುಡಿಯಲ್ಲಿ ಇಲ್ಲದ್ದು ಎಸಿ. ಜಗತ್ತಿನಲ್ಲೆಲ್ಲ ಅಳತೆಗೆ ಗೊತ್ತುಮಾಡಿದ ಉಷ್ಣತೆ 20 ಡಿಗ್ರಿ. ಆ 20 ಡಿಗ್ರಿ ನಮ್ಮ ಕಾಲೇಜಿನಲ್ಲಿ ಇದ್ದರೆ ಆಡಳಿತ ಕಚೇರಿಯಲ್ಲಿ ಇದೆ, ಅಲ್ಲಿ ಅಳೆಯುವಂಥದ್ದು ಏನೂ ಇಲ್ಲ. ಲ್ಯಾಬಿನಲ್ಲಿ ಏಪ್ರಿಲ್ ಪರೀಕ್ಷೆಯ ಹೊತ್ತಿಗೆ 32. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ 11.5 ಮೈಕ್ರಾನ್ ಉಬ್ಬುತ್ತದೆ. 100 ಮಿಲಿಮೀಟರಿನ ಗೇಜು 12 ಡಿಗ್ರಿಗೆ ಹೆಚ್ಚೂಕಡಿಮೆ 14 ಮೈಕ್ರಾನ್ ಬೆಳೆದಿರುತ್ತದೆ. “ಅಳೆಯೋ ಪೀಸೂ ಉಕ್ಕೇ ಆದ್ರೆ ಎರಡೂ ಒಟ್ಟಿಗೆ ಉಬ್ಬುತ್ವೆ, ಬಚಾವ್. ಅಲ್ಯೂಮಿನಿಯಂ ತಂದ್ರೋ, ಅದು ಎರಡರಷ್ಟು ಉಬ್ಬುತ್ತೆ, ಕೆಟ್ರಿ.” ಎಸಿಗೆ ಬರೆದ ಇಂಡೆಂಟಿಗೆ ಬಂದ ಉತ್ತರ: ಸೀಲಿಂಗ್ ಫ್ಯಾನ್ ಮಂಜೂರಾಗಿದೆ.

ಕಾರ್ಖಾನೆಯವರನ್ನು ಕಾಲೇಜು ಕಂಗೆಡಿಸುವುದು ಸೋಮಾರಿತನದಿಂದಲ್ಲ, ರೆಕಾರ್ಡ್ ಪುಸ್ತಕದಿಂದ. ಅಲ್ಲಿ ಮೊದಲು ಅಳೆದು ಆಮೇಲೆ ಬರೆಯುವುದು ವಾಡಿಕೆ. ಇಲ್ಲಿ ಉಕ್ಕಿನ ಯಂಗ್ಸ್ ಮಾಡ್ಯುಲಸ್ ಚದರ ಮಿಲಿಮೀಟರಿಗೆ ಸುಮಾರು ಎರಡು ಲಕ್ಷ ನ್ಯೂಟನ್ ಎಂದು ಮೊದಲೇ ಎಲ್ಲರಿಗೂ ಗೊತ್ತು. ಉತ್ತರ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು ರೀಡಿಂಗಿಗೆ ಬರುತ್ತಾರೆ. ಜಾಣನಾದವನು ನಡುವೆ ಒಂದು ರೀಡಿಂಗನ್ನು ಸ್ವಲ್ಪ ತಪ್ಪಿಸುತ್ತಾನೆ, ನಂಬಿಕೆ ಬರಲಿ ಅಂತ. ಸೀನಿಯರ್ ರೆಕಾರ್ಡಿನಿಂದ ಇಳಿಸಿಕೊಂಡ ರೀಡಿಂಗುಗಳಿಗೆ ವಂಶಾವಳಿಯೇ ಇದೆ. ಕೆಲವು ಸಂಖ್ಯೆಗಳು ನಮ್ಮ ಕೆಲವು ಪ್ರೊಫೆಸರುಗಳಿಗಿಂತ ಹೆಚ್ಚು ಸರ್ವಿಸ್ ಮಾಡಿವೆ. ಒಂದು ಸಲ ಡಯಲ್ ಗೇಜಿನ ಮುಳ್ಳು 0.34ಕ್ಕೆ ಸಿಕ್ಕಿಕೊಂಡು ಕೂತಿತ್ತು. ಸಾರ್ ಬೇಕೆಂದೇ ಸರಿ ಮಾಡದೆ ಬಿಟ್ಟರು. ಇಡೀ ಸೆಕ್ಷನ್ನು ಅದರಲ್ಲೇ ಪ್ರಯೋಗ ಮುಗಿಸಿ ಅಚ್ಚುಕಟ್ಟಾದ ಗ್ರಾಫು ತಂದಿತು. ಸಾರ್ ಎಲ್ಲರ ರೆಕಾರ್ಡಿನಲ್ಲೂ ಕೆಂಪು ಇಂಕಿನಲ್ಲಿ ಬರೆದರು: ‘ಮುಳ್ಳು ಜುಲೈನಿಂದ ಅಲ್ಲಾಡಿಲ್ಲ. ನಿಮ್ಮ ಕೈಗುಣ ದೊಡ್ಡದು.’

ಪಿಎಚ್‌ಡಿ ಹುಡುಗರ ಜತೆ ಬೇರೆ ಥರದ ಜಗಳ. ಅವರು ಕಂಪ್ಯೂಟರಿನಲ್ಲಿ ಬಿಡಿಸಿದ ಡ್ರಾಯಿಂಗ್ ತರುತ್ತಾರೆ. ಅದರಲ್ಲಿ ಟೇಬಲ್ಲಿನ ಕಾಲಿಗೂ 750.000 ಎಂದು ಮೂರು ಸೊನ್ನೆ. ಸಾಫ್ಟ್‌ವೇರು ತಾನಾಗಿಯೇ ಹಾಕಿದ್ದು. “ಈ ಮೂರನೇ ಸೊನ್ನೆಗೆ ದುಡ್ಡು ಯಾರಪ್ಪಾ ಕೊಡ್ತಾರೆ? ಗೈಡಾ?” ಎಂದು ಕೇಳುತ್ತಾರೆ. ಇನ್ನೊಂದು ಡ್ರಾಯಿಂಗಿನಲ್ಲಿ ಪೆಟ್ಟಿಗೆಯೊಳಗೆ ಮೂಲೆಯಲ್ಲಿ ಒಂದು ಬೋಲ್ಟು ಇರುತ್ತದೆ. ಸಾರ್ ಪೆನ್ಸಿಲಿನಲ್ಲಿ ಅದರ ಪಕ್ಕ ಒಂದು ಸ್ಪ್ಯಾನರ್ ಬರೆಯುತ್ತಾರೆ, ಸ್ಪ್ಯಾನರಿನ ಹಿಂದೆ ಒಂದು ಕೈ, ಕೈ ಗೋಡೆಯೊಳಗೆ ಹೊಕ್ಕಿರುತ್ತದೆ. ವಿವರಣೆ ಬೇಕಿಲ್ಲ. ಮೂರು ದಿನ ಬಿಟ್ಟು ಹುಡುಗ ಹೊಸ ಡ್ರಾಯಿಂಗ್ ತರುತ್ತಾನೆ, ಸಾರ್ ಪೀಣ್ಯದ ಹಳೇ ಗೆಳೆಯನಿಗೆ ಒಂದು ಫೋನು ಮಾಡಿ ಹೀಟ್ ಟ್ರೀಟ್‌ಮೆಂಟ್ ಪುಕ್ಕಟೆ ಮಾಡಿಸಿಕೊಡುತ್ತಾರೆ. ಥೀಸಿಸಿನ ಕೃತಜ್ಞತೆಯ ಪುಟದಲ್ಲಿ ಗೈಡು, ಎಚ್‌ಓಡಿ, ಪ್ರಿನ್ಸಿಪಾಲರು, ಆಡಳಿತ ಮಂಡಳಿ, ತಂದೆತಾಯಿ ಆದಮೇಲೆ ‘ಮತ್ತು ಲ್ಯಾಬ್ ಸಿಬ್ಬಂದಿ’ ಎಂದು ಬರುತ್ತದಲ್ಲ, ಅದೇ ಇವರು. ಪಿಥಂಪುರದ ಬಾಹಾ ಸ್ಪರ್ಧೆಗೆ ಗಾಡಿ ಕಟ್ಟುವ ಹುಡುಗರು ಮಾತ್ರ ಇವರ ಹೆಸರನ್ನೇ ಚಾಸಿಸ್ಸಿನ ಮೇಲೆ ಬರೆದುಕೊಂಡು ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ವೆಲ್ಡಿಂಗ್ ಕಲಿಸಿದವರು ಯಾರೆಂದು ಅವರಿಗೆ ನೆನಪಿರುತ್ತದೆ.

ತಪಾಸಣಾ ಸಮಿತಿ ಬರುವ ಸುದ್ದಿ ಬಂತೆಂದರೆ ಕಾಲೇಜಿಗೆ ಸುಣ್ಣಬಣ್ಣ. ಪೇಂಟರು ಲ್ಯಾಬಿಗೂ ಬರುತ್ತಾನೆ. ಅವನಿಗೆ ಒಪ್ಪಿಸಿದ್ದು ‘ಎಲ್ಲ ಮಷೀನು ಹಸಿರು’. ಆತ ಪ್ರಾಮಾಣಿಕ, ಕವಚ ಬಳಿದು, ಫೀಡಿನ ಚಾರ್ಟ್ ಬಳಿದು, ಎಣ್ಣೆ ಹಾಕುವ ನಿಪ್ಪಲ್ಲುಗಳನ್ನೂ ಬಳಿದು, ಕೊನೆಗೆ ಲೇತಿನ ಬೆಡ್ಡಿನ ಕಡೆ ಬ್ರಷ್ಷು ಚಾಚಿದ. ಸಾರ್ ಹಾರಿ ಅಡ್ಡ ನಿಂತರು. ಮಷೀನಿನ ಬೆಡ್ಡೆಂದರೆ ಸ್ಕ್ರೇಪರಿನಲ್ಲಿ ಕೆರೆದು ಕೆರೆದು ಮಟ್ಟ ಮಾಡಿದ ಮೈ. ಅದರ ಮೇಲೆ ಬಣ್ಣವೇ? ಆ ರಾತ್ರಿ ಎಲ್ಲ ಬೆಡ್ಡುಗಳಿಗೂ ಗ್ರೀಸು ಬಳಿದು, ಪೇಂಟ್ ಹಿಡಿಯದ ಹಾಗೆ ಮಾಡಿಯೇ ಮನೆಗೆ ಹೋದದ್ದು. ಮರುದಿನ ಸಮಿತಿಯವರು ಬಂದರು. ಪ್ರತಿ ಯಂತ್ರದ ಮೇಲೂ ಹೆಸರು, ಕೊಂಡ ವರ್ಷ, ಬೆಲೆ ಬರೆದ ಫಲಕ ನೋಡಿ ತೃಪ್ತರಾದರು. ಒಬ್ಬ ಸದಸ್ಯರು ಬೆಡ್ಡಿನ ಮೇಲೆ ಕೈಯಿಟ್ಟು ಗ್ರೀಸು ಮಾಡಿಕೊಂಡು, ಒರೆಸಿಕೊಳ್ಳಲು ಕಾಟನ್ ವೇಸ್ಟ್ ಕೇಳಿದರು. ಕಾಟನ್ ವೇಸ್ಟ್ ಎಂಬ ಮಾತು ಕೇಳಿದ್ದೇ ಸಾರ್ ಮುಖ ಅರಳಿತು. “ಯಾವ ಫ್ಯಾಕ್ಟ್ರಿ ಸಾರ್ ತಾವು?” ಊಟದ ಹೊತ್ತು ಮೀರಿದರೂ ಆ ಸದಸ್ಯರು ಲ್ಯಾಬಿನಿಂದ ಹೊರಗೆ ಬರಲಿಲ್ಲ. ವರದಿಯಲ್ಲಿ ನಮ್ಮ ಡಿಪಾರ್ಟ್‌ಮೆಂಟಿಗೆ ಒಳ್ಳೆಯ ಮಾತು ಬಂತು. ಅದನ್ನು ಸ್ಟಾಫ್ ಮೀಟಿಂಗಿನಲ್ಲಿ ಹಸಿರು ಬಣ್ಣದ ಲೆಕ್ಕಕ್ಕೆ ಜಮಾ ಮಾಡಲಾಯಿತು.

ಕಾಲೇಜನ್ನು ರಿಪೇರಿ ಮಾಡಲು ಬಂದವರನ್ನೇ ಕಾಲೇಜು ರಿಪೇರಿ ಮಾಡಿತೇ ಎಂದು ನನಗೆ ಒಮ್ಮೊಮ್ಮೆ ಸಂಶಯ. ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಕೇಳಿದಳು: “ಸರ್, 20 ಡಿಗ್ರಿನೇ ಯಾಕೆ? 25 ಯಾಕಿಲ್ಲ?” ಸಾರ್ ಬಾಯಿ ತೆರೆದರು, ಮುಚ್ಚಿದರು. ಸೇವೆಯುದ್ದಕ್ಕೂ ಗೋಡೆಯ ಮೇಲೆ ನೋಡಿದ ಸಂಖ್ಯೆ. ಕಾರ್ಖಾನೆಯಲ್ಲಿ ‘ಎಷ್ಟು’, ‘ಯಾವಾಗ’ ಎಂಬ ಎರಡು ಪ್ರಶ್ನೆಗೇ ಎಂಟು ಗಂಟೆ ಸಾಲುತ್ತಿರಲಿಲ್ಲ, ‘ಯಾಕೆ’ ಕೇಳಿದವನನ್ನು ಯೂನಿಯನ್ ಕಡೆಯವನೆಂದು ತಿಳಿಯುತ್ತಿದ್ದರು. ಅಂದು ಮೊದಲ ಬಾರಿಗೆ ಅವರು ಲೈಬ್ರರಿಯ ಮೆಟ್ಟಿಲು ಹತ್ತಿದರು. ಮುಂದಿನ ವಾರ ಇಡೀ ಬ್ಯಾಚನ್ನು ಕೂರಿಸಿಕೊಂಡು ಹೇಳಿದ್ದೇ ಹೇಳಿದ್ದು: ಫ್ರೆಂಚರ ಮೀಟರು ಸೊನ್ನೆ ಡಿಗ್ರಿಯಲ್ಲಿ, ಇಂಗ್ಲಿಷರ ಅಂಗುಲ 62 ಫ್ಯಾರನ್‌ಹೀಟಿನಲ್ಲಿ, ನಮ್ಮ ಜೊಹಾನ್ಸನ್ ತನ್ನ ಬಿಲ್ಲೆಗಳನ್ನು 20ರಲ್ಲಿ ಮಾಡಿಕೊಂಡು ಕೂತಿದ್ದ, 20 ಡಿಗ್ರಿ ಅಂದರೆ ಸರಿಯಾಗಿ 68 ಫ್ಯಾರನ್‌ಹೀಟು, ಎರಡು ಕಡೆಯೂ ಪೂರ್ಣಾಂಕ, ಕೆಲಸ ಮಾಡುವವನಿಗೂ ಚಳಿಯಾಗದು, 1931ರಲ್ಲಿ ಅಂತಾರಾಷ್ಟ್ರೀಯ ಸಮಿತಿ ಕೂತು ಅದನ್ನೇ ಗೊತ್ತುಮಾಡಿತು. “ನೋಡಿ, ಅವ್ರಿಗೂ ಕಮಿಟಿ ಬೇಕಾಯ್ತು” ಎಂದು ಸೇರಿಸಿದರು. ಪರ್ಚೇಸ್ ಕಮಿಟಿಯ ಬಗ್ಗೆ ಅವರ ದನಿ ತುಸು ಮೆತ್ತಗಾದದ್ದು ಆಗಿನಿಂದ.

ಈಚೆಗೆ ಅವರು ಕಾರ್ಖಾನೆಯವರು ಕೇಳಿದರೆ ಮೂರ್ಛೆ ಹೋಗುವಂಥ ಕೆಲಸಕ್ಕೆ ಇಳಿದಿದ್ದಾರೆ. ಬೆಳಿಗ್ಗೆ ಬೇಗ ಬಂದು ಸರಿಯಿರುವ ಲೇತನ್ನು ಕೆಡಿಸುತ್ತಾರೆ. ಟೇಲ್‌ಸ್ಟಾಕನ್ನು ಅರ್ಧ ಮಿಲಿಮೀಟರು ಪಕ್ಕಕ್ಕೆ ಸರಿಸಿ ಬಿಟ್ಟರೆ, ಹುಡುಗರು ತಿರುವಿದ ಸಲಾಕೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ. ಯಾಕೆಂದು ಅವರೇ ಹುಡುಕಬೇಕು. ಇಯರ್‌ಫೋನ್ ಹಾಕಿಕೊಂಡು ಬಂದವನ ಕಿವಿಯಿಂದ ಅದನ್ನು ತೆಗೆಸಿ, ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಆನಿಸುತ್ತಾರೆ: “ಇದು ನಂದು, ಚಾರ್ಜ್ ಮಾಡೋ ಹಾಗಿಲ್ಲ. ಕರಕರ ಅಂತಿದೆಯಾ? ಹೋಗ್ತಿದೆ.” ಹೊಸ ಎಚ್‌ಓಡಿ ಕರೆಸಿ, “ಏನ್ ಸಾರ್, ನಮ್ಮ ಲ್ಯಾಬಲ್ಲಿ ಮ್ಯಾನುಯಲ್ಲಿನ ರಿಸಲ್ಟೇ ಬರ್ತಿಲ್ವಂತೆ” ಎಂದರೆ, “ಬರ್ತಿದೆ ಸಾರ್, ಈಗ ಮಷೀನಿನ ರಿಸಲ್ಟ್ ಬರ್ತಿದೆ” ಎನ್ನುತ್ತಾರೆ.

ಅವರ ನೇಮಕ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟು. ಮುಗಿದ ಮೇಲೆ ಒಂದು ದಿನದ ಬ್ರೇಕು, ಆಮೇಲೆ ಹೊಸ ಆದೇಶ. ಆ ಒಂದು ದಿನ ಅವರು ಕಾಲೇಜಿಗೆ ಸೇರಿದವರಲ್ಲ. ಈ ಸಲ ಬ್ರೇಕು ಬಿದ್ದದ್ದು ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ, ಮೂರನೇ ನಂಬರಿನ ಬೆಲ್ಟು ಮತ್ತೆ ಹರಿದ ದಿನ. ಏಳೂಮುಕ್ಕಾಲಿಗೆ ಕೈಚೀಲದಲ್ಲಿ ಬಿ-52 ಹಿಡಿದು ಗೇಟಿಗೆ ಬಂದರು. ಗೇಟಿನಲ್ಲಿ ಹೊಸ ಸೆಕ್ಯುರಿಟಿ. ಸಂದರ್ಶಕರ ಪುಸ್ತಕ ಮುಂದಿಟ್ಟ. ಸಾರ್ ಹೆಸರು ಬರೆದರು, ವೇಳೆ ಬರೆದರು. ಬಂದ ಉದ್ದೇಶ: ಬೆಲ್ಟು. ಯಾರನ್ನು ಕಾಣಬೇಕು: ಲ್ಯಾಬ್ ಎಂಜಿನಿಯರ್, ಮೆಕ್ಯಾನಿಕಲ್. ನಿಯಮ ಪ್ರಕಾರ ಕಾದರು. ಒಂಬತ್ತಾದ ಮೇಲೆ ಸೆಕ್ಯುರಿಟಿ ಒಳಗೆ ಫೋನು ಮಾಡಿದ. ಆ ಕಡೆಯಿಂದ ಅಟೆಂಡರ್ ಹೇಳಿದ್ದನ್ನು ಕೇಳಿಸಿಕೊಂಡು ರಿಸೀವರ್ ಇಟ್ಟು, “ಅವ್ರು ಇವತ್ತು ರಜ ಅಂತೆ ಯಜಮಾನ್ರೇ, ನಾಳೆ ಬನ್ನಿ” ಎಂದ.